ಮೇಡಂ ನಂಬದ ಜೆಲ್

ಕಳೆದ ತಿಂಗಳು ಯಾದವಗಿರಿಯಲ್ಲಿ ನೆಂಟರೊಬ್ಬರ ಮನೆಯಲ್ಲಿ ನಾಮಕರಣವಿತ್ತು. ಬಿಸಿಲಲ್ಲಿ ನಡೆದು ಬಂದು ಒಳಗೆ ಕಾಲಿಟ್ಟ ಕೂಡಲೇ ಆ ಮನೆಯ ಸೊಸೆ ಒಂದು ಲೋಟ ನಿಂಬೆ ಪಾನಕ ತಂದುಕೊಟ್ಟಳು. ಬಾಯಿಗೆ ಇಡಬೇಕೆನ್ನುವಷ್ಟರಲ್ಲಿ ತಳದಲ್ಲಿದ್ದ ಕಾಮಕಸ್ತೂರಿ ಬೀಜಗಳು ನಿಧಾನಕ್ಕೆ ಮೇಲೆದ್ದವು. ಒಂದೊಂದು ಕಪ್ಪು ಬೀಜದ ಸುತ್ತಲೂ ಮಂಜಿನಂಥ ಒಂದೊಂದು ಅಂಗಿ. ನಾನು ಕುಡಿಯುವುದನ್ನು ಬಿಟ್ಟು ಲೋಟವನ್ನೇ ನೋಡುತ್ತಾ ನಿಂತುಬಿಟ್ಟೆ. "ಯಾಕಾಂಟಿ, ಹುಳ ಬಿದ್ದಿದ್ಯಾ?" ಎಂದು ಆ ಹುಡುಗಿ ಗಾಬರಿಯಾದಳು. ಇಲ್ಲಮ್ಮ ಎಂದೆ. ನಮ್ಮ ಮೇಡಂ ನೆನಪಾದರು ಎಂದು ಆ ಗದ್ದಲದಲ್ಲಿ ಯಾರಿಗೆ ಹೇಳುವುದು...

ತೊಂಬತ್ತರ ದಶಕದ ನಡುವಿನ ಮಾತು. ಎಂಎಸ್ಸಿ ಮುಗಿಸಿ ಸಂಶೋಧನೆಗೆಂದು ಅವರ ಪ್ರಯೋಗಾಲಯಕ್ಕೆ ಹೋದ ಮೊದಲ ದಿನ ಅವರು ನನ್ನ ಅಂಕಪಟ್ಟಿ ನೋಡಲಿಲ್ಲ, ಹೆಸರನ್ನೂ ಕೇಳಲಿಲ್ಲ. ಬೀಕರಿನಲ್ಲಿ ಸ್ವಲ್ಪವೇ ನೀರು ಹಾಕಿ, ತಮ್ಮ ಕೈಚೀಲದಿಂದ ಒಂದು ಪೊಟ್ಟಣ ತೆಗೆದು, ಒಂದು ಚಮಚ ಕಾಮಕಸ್ತೂರಿ ಬೀಜ ಸುರಿದು, "ನೋಡ್ತಾ ಇರು, ಕ್ಲಾಸ್ ಮುಗಿಸ್ಕೊಂಡು ಬರ್ತೀನಿ" ಎಂದು ಹೊರಟುಹೋದರು. ತಿರುಗಿ ಬಂದಾಗ ಏನು ನೋಡಿದೆ ಎಂದು ಕೇಳಿದರು. ಬೀಜ ಉಬ್ಬಿದವು ಮೇಡಂ ಎಂದೆ.

"ಸರಿ. ನೀರು ಎಲ್ಲಿ ಹೋಯ್ತು?"

ನಾನು ಬಗ್ಗಿ ಬೀಕರಿನ ತಳ ನೋಡಿದೆ. ಅವರು ಬೀಕರನ್ನು ಬೋರಲು ಮಾಡಿದರು. ಒಂದು ಹನಿಯೂ ಬೀಳಲಿಲ್ಲ.

"ಎಲ್ಲೂ ಹೋಗಿಲ್ಲ, ಇಲ್ಲೇ ಇದೆ. ಹರಿಯೋದನ್ನ ಬಿಟ್ಟಿದೆ ಅಷ್ಟೆ. ಹೈಡ್ರೋಜೆಲ್ ಅಂದ್ರೆ ಇದೇ ಕಣಮ್ಮ. ನಾವು ಮಾಡ್ಬೇಕಾಗಿರೋದೂ ಇದೇನೇ. ಆದ್ರೆ ಬೀಕರಲ್ಲಲ್ಲ, ಮನುಷ್ಯರ ತಲೆ ಒಳಗೆ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಪ್ರಯೋಗಾಲಯದಲ್ಲಿ ಅವರು ತಮಾಷೆ ಮಾಡುವವರೇ ಅಲ್ಲ.

ಆಗ ಅವರಿಗೆ ನಲವತ್ತೈದು ದಾಟಿತ್ತು. ಸಣ್ಣ ಆಳು, ನೇರ ಬೆನ್ನು, ಹಣೆಯಲ್ಲಿ ತೆಳ್ಳಗೆ ವಿಭೂತಿ, ಯಾವಾಗಲೂ ಗಂಜಿ ಹಾಕಿದ ಹತ್ತಿ ಸೀರೆ. ಅವರ ತಂದೆ ಸಂತೇಪೇಟೆಯಲ್ಲಿ ಬೆಲ್ಲದ ವ್ಯಾಪಾರ ಮಾಡಿಕೊಂಡಿದ್ದವರಂತೆ. ಮನೆತನದಲ್ಲಿ ಕಾಲೇಜು ಕಂಡ ಮೊದಲ ಹೆಣ್ಣುಮಗಳು ಇವರು. ಕೃಷ್ಣಮೂರ್ತಿಪುರಂನ ಮನೆಯಲ್ಲಿ ಅವರೂ ಅವರ ತಂಗಿಯೂ ಇಬ್ಬರೇ ಇದ್ದರು. ತಂಗಿ ಪ್ರೈಮರಿ ಶಾಲೆಯ ಟೀಚರು. ಆಕೆಯನ್ನು ಬೀದಿಯವರೆಲ್ಲ ಸಣ್ಣಮ್ಮ ಎಂದು ಕರೆಯುತ್ತಿದ್ದುದರಿಂದ ನಮಗೂ ಸಣ್ಣಮ್ಮನೇ ಆದರು. ಇಬ್ಬರೂ ಮದುವೆಯಾಗಿರಲಿಲ್ಲ. ಯಾಕೆ ಎಂದು ಮೇಡಂ ಅವರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸಣ್ಣಮ್ಮ ಮಾತ್ರ ಕೇಳದಿದ್ದರೂ ಹೇಳುತ್ತಿದ್ದರು, "ನಮ್ಮಿಬ್ಬರನ್ನೂ ಸಹಿಸ್ಕೊಳ್ಳೋ ಗಂಡು ಇನ್ನೂ ಹುಟ್ಟಿಲ್ಲ ಕಣೇ!"

ನಮ್ಮದು ಬೋಗಾದಿ. ಆಗ ಅದು ಇನ್ನೂ ಪಟ್ಟಣಕ್ಕೆ ಸೇರದ ಹಳ್ಳಿಯಾಗಿಯೇ ಇತ್ತು. ಬೆಳಗಿನ ಬಸ್ಸಿನಲ್ಲಿ ಹಾಲಿನ ಕ್ಯಾನುಗಳ ನಡುವೆ ನಿಂತು ನಾನು ಪ್ರಯೋಗಾಲಯಕ್ಕೆ ಬರುತ್ತಿದ್ದೆ. ರಾಗಿ ಹೊಲದ ಬದುವಿನಲ್ಲಿ ಕೂತು ಅಪ್ಪ ಒಮ್ಮೆ, ಅಲ್ಲಿ ಏನು ಮಾಡುತ್ತೀಯ ಎಂದು ಕೇಳಿದರು. ತಿಳಿದ ಹಾಗೆ ವಿವರಿಸಿದೆ.

"ಅಂಗಂದ್ರೆ ಅಂಟು ಮಾಡಾದ್ ಕಲೀತಿದ್ದೀಯ?"

"ಅಂಟಲ್ಲಪ್ಪ, ಲೋಳೆ ಥರ."

"ಲೋಳೆಗ್ಯಾಕವ್ವ ಅಷ್ಟ್ ವರ್ಸ ಓದು? ಬೆಂಡೇಕಾಯ್ ತಕೊಂಡೋಗು, ಬೇಕಾದಷ್ಟ್ ಬತ್ತದೆ."

ಇದನ್ನು ಸಣ್ಣಮ್ಮನಿಗೆ ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮೇಡಂ ನಗಲಿಲ್ಲ. "ಬೆಂಡೆಕಾಯಿ ಲೋಳೆ ಗಟ್ಟಿಯಾಗಲ್ಲ" ಎಂದರು, ಅಷ್ಟೇ ಗಂಭೀರವಾಗಿ.

ನಾವು ಮಾಡಲು ಹೊರಟಿದ್ದು ಕೇಳುವುದಕ್ಕೆ ಸುಲಭ. ಹಳೆಯ ಸೈಕಲ್ ಟ್ಯೂಬು ಸವೆದ ಕಡೆ ಗುಳ್ಳೆಯೇಳುತ್ತದಲ್ಲ, ಕೆಲವರ ಮಿದುಳಿನ ರಕ್ತನಾಳದಲ್ಲೂ ಹಾಗೆಯೇ ಒಂದು ಗುಳ್ಳೆ ಏಳುತ್ತದೆ. ಅದನ್ನು ಅನ್ಯೂರಿಸಂ ಎನ್ನುತ್ತಾರೆ. ಅನೇಕರಲ್ಲಿ ಅದು ಕೊನೆಯವರೆಗೂ ಸುಮ್ಮನಿದ್ದುಬಿಡುತ್ತದೆ. ಕೆಲವರಲ್ಲಿ ಒಡೆಯುತ್ತದೆ. ಒಡೆದರೆ ಉಳಿಯುವುದು ಕಷ್ಟ. ಆಗಿನ ಕಾಲಕ್ಕೆ ಇದ್ದ ದಾರಿ ಎಂದರೆ ತಲೆಬುರುಡೆ ತೆರೆದು ಗುಳ್ಳೆಯ ಕತ್ತಿಗೆ ಕ್ಲಿಪ್ಪು ಹಾಕುವುದು. ತೊಡೆಯ ರಕ್ತನಾಳದಿಂದ ಕೂದಲೆಳೆಯಂಥ ಕೊಳವೆಯನ್ನು ತಲೆಯವರೆಗೂ ಕಳಿಸಿ, ಗುಳ್ಳೆಯೊಳಗೆ ಪ್ಲಾಟಿನಂ ತಂತಿಯ ಸುರುಳಿ ತುಂಬುವ ಹೊಸ ವಿಧಾನವೂ ಹೊರದೇಶಗಳಲ್ಲಿ ಬಂದಿತ್ತು. ಮೇಡಂ ಅವರ ಯೋಚನೆ ಇನ್ನೊಂದು. ಅದೇ ಕೊಳವೆಯಲ್ಲಿ ತಂತಿಯ ಬದಲು ಒಂದು ದ್ರವವನ್ನು ಕಳಿಸಿದರೆ? ಗುಳ್ಳೆಯೊಳಗೆ ಹೋದ ಮೇಲೆ ಅದು ತಾನಾಗಿಯೇ ಹೆಪ್ಪಾಗಿ ಆ ಜಾಗವನ್ನು ಮೂಲೆಮೂಲೆಯವರೆಗೂ ತುಂಬಿಬಿಟ್ಟರೆ? ಸಮುದ್ರದ ಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ವಸ್ತುವಿಗೆ ಕ್ಯಾಲ್ಸಿಯಂ ತಾಗಿದರೆ ಅದು ಜೆಲ್ ಆಗುತ್ತದೆ. ನಮ್ಮ ಕೆಲಸವೆಲ್ಲ ಅದರ ಸುತ್ತಲೇ.

ಗಾಜಿನ ಕೊಳವೆಯೊಂದಕ್ಕೆ ದ್ರಾಕ್ಷಿಯಷ್ಟು ಗುಳ್ಳೆ ಊದಿಸಿ, ಮುಂದೆ ಅದನ್ನು ಮಿದುಳಿನ ನಾಳಗಳ ಹಾಗೆ ಸಣ್ಣ ಸಣ್ಣ ಕವಲುಗಳಾಗಿ ಒಡೆಸಿ, ಒಂದು ಪಂಪು ಇಟ್ಟು, ಕೆಂಪು ಬಣ್ಣ ಬೆರೆಸಿದ ಉಪ್ಪುನೀರನ್ನು ಹರಿಸುತ್ತಿದ್ದೆವು. ಪಂಪಿನ ಸದ್ದು ಎದೆಬಡಿತದ ಹಾಗೆ. ಕೊಳವೆ ತೂರಿಸಿ ದ್ರವ ಬಿಡುವುದು, ನೋಡುವುದು. ಬೇಗ ಹೆಪ್ಪಾದರೆ ಕೊಳವೆಯಲ್ಲೇ ಕಟ್ಟಿಕೊಳ್ಳುತ್ತಿತ್ತು. ತಡವಾದರೆ ಕೊಚ್ಚಿಕೊಂಡು ಹೋಗುತ್ತಿತ್ತು. ಎರಡರ ನಡುವಿನ ಆ ಒಂದು ಗಳಿಗೆಯನ್ನು ಹಿಡಿಯಲು ವರ್ಷಗಳೇ ಹೋದವು.

ಒಂದು ಮಧ್ಯಾಹ್ನ ಚೆನ್ನಾಗಿ ನೆನಪಿದೆ. ಅಂದು ಜೆಲ್ ಗುಳ್ಳೆಯ ತುಂಬ ಸೊಗಸಾಗಿ ಕೂತಿತ್ತು. ನನಗಂತೂ ಕುಣಿಯುವಷ್ಟು ಸಂತೋಷ. ಅಷ್ಟರಲ್ಲಿ ದಾರದಷ್ಟು ತೆಳ್ಳಗಿನ ಒಂದು ಎಳೆ ಗುಳ್ಳೆಯ ಕತ್ತಿನಿಂದ ಜಾರಿತು. ಹರಿವಿನ ಜೊತೆ ಓಡಿ, ಮುಂದೆ ಒಂದು ಸಣ್ಣ ಕವಲಿನಲ್ಲಿ ಸಿಕ್ಕಿಕೊಂಡಿತು. ಆ ಕವಲಿನಲ್ಲಿ ಕೆಂಪು ನೀರು ನಿಂತುಹೋಯಿತು. ಮೇಡಂ ಕೈಚಾಚಿ ಪಂಪಿನ ಸ್ವಿಚ್ಚು ಆರಿಸಿದರು.

"ಈಗ ಒಬ್ಬರ ಮಾತು ಹೋಯ್ತು" ಎಂದರು. ನೀರು ನಿಂತ ಕವಲನ್ನು ಬೆರಳಿನಿಂದ ಮುಟ್ಟಿ, "ಇಲ್ಲಾಂದ್ರೆ ಬಲಗೈ."

ಅವತ್ತು ಅವರು ಬೇಗ ಮನೆಗೆ ಹೋದರು. ಅವರು ಹಾಗೆ ಹೋದದ್ದನ್ನು ಅದುವರೆಗೆ ನಾನು ಕಂಡಿರಲಿಲ್ಲ.

ಈ ಒಂದು ಗುಳ್ಳೆಯ ಹಿಂದೆ ಯಾಕೆ ಇಷ್ಟು ಬಿದ್ದಿದ್ದಾರೆ ಎನ್ನುವುದು ನನಗೆ ಗೊತ್ತಾಗಿದ್ದು ಸಣ್ಣಮ್ಮನಿಂದ. ಒಂದು ಭಾನುವಾರ ಮೇಡಂ ತಿದ್ದಿಟ್ಟ ಹಾಳೆಗಳನ್ನು ಒಯ್ಯಲು ಅವರ ಮನೆಗೆ ಹೋಗಿದ್ದೆ. ಮೇಡಂ ಸ್ನಾನಕ್ಕೆ ಹೋಗಿದ್ದರು. ಸಣ್ಣಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದವರು ನನಗೂ ಒಂದು ರಾಶಿ ತಳ್ಳಿದರು. "ಇದು ಅಕ್ಕನಿಗೆ ಆಗಲ್ಲ. ಅವರೆಕಾಯಿ ಮನೆಗೆ ಬಂದ್ರೆ ಸುಲಿಯೋದು ನಾನೇ" ಎಂದರು. ಸೋಮಾರಿತನ ಇರಬೇಕು ಎಂದು ನಾನು ನಕ್ಕೆ. ಅವರು ನಗಲಿಲ್ಲ. ಆ ಹೆಂಗಸು ನಗದೇ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವರ ತಾಯಿ ಹಾಗೆಯೇ ಅವರೆಕಾಯಿ ಸುಲಿಯುತ್ತಾ ಕೂತಿದ್ದರಂತೆ. ಮೇಡಂ ಆಗ ಕಾಲೇಜು, ಸಣ್ಣಮ್ಮ ಹೈಸ್ಕೂಲು. ಇದ್ದಕ್ಕಿದ್ದ ಹಾಗೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, "ಯಾಕೋ ತಲೆ ಸಿಡೀತಾ ಅದೆ, ಒಂದ್ ಲೋಟ ನೀರ್ ತತ್ತಾರವ್ವ" ಎಂದರಂತೆ.

"ನೀರು ತರೋಕೆ ಒಳಗೆ ಹೋದೋಳು ಅಕ್ಕ. ಬರೋಷ್ಟರಲ್ಲಿ..." ಎಂದು ಸಣ್ಣಮ್ಮ ಕೈಯಲ್ಲಿದ್ದ ಕಾಳನ್ನು ಬುಟ್ಟಿಗೆ ಹಾಕಿದರು. "ಇಷ್ಟು ವರ್ಷ ಆದ್ರೂ ಅವಳಿಗೆ ಒಂದೇ ಕೊರಗು. ನಾನು ಇನ್ನೊಂಚೂರು ಬೇಗ ಬರ್ಬೇಕಿತ್ತು ಅಂತ. ಬೇಗ ಬಂದಿದ್ರೆ ಏನ್ ಮಾಡ್ತಿದ್ಳು ಹೇಳು?"

ಬಚ್ಚಲ ಬಾಗಿಲ ಸದ್ದಾಯಿತು. ಸಣ್ಣಮ್ಮ ಮಾತು ಬದಲಿಸಿದರು.

ಎರಡು ಸಾವಿರದ ಇಸವಿಯ ಹೊತ್ತಿಗೆ ಯೋಜನೆಯ ಅವಧಿ ಮುಗಿಯಿತು. ಮುಂದುವರಿಸಲು ಒಪ್ಪಿಗೆ ಬರಲಿಲ್ಲ. ಎಳೆ ಜಾರುವುದನ್ನು ನಿಲ್ಲಿಸಲು ನಮ್ಮಿಂದ ಕೊನೆಗೂ ಆಗಿರಲಿಲ್ಲ. ಜೆಲ್ ಎಷ್ಟು ವೇಗದಲ್ಲಿ ಉಬ್ಬುತ್ತದೆ ಎನ್ನುವ ಒಂದು ಭಾಗವನ್ನಷ್ಟೇ ಇಟ್ಟುಕೊಂಡು ನನ್ನ ಪಿಎಚ್‌ಡಿ ಆಯಿತು. ಮೇಡಂ ಗಾಜಿನ ಕೊಳವೆಗಳನ್ನು ತಾವೇ ತೊಳೆದು, ಒರೆಸಿ, ಹತ್ತಿ ಸುತ್ತಿ ಬೀರುವಿನಲ್ಲಿಟ್ಟರು. ಆಮೇಲೆ ಬಣ್ಣದ ಕಾರ್ಖಾನೆಗಳ ಕೊಳೆನೀರನ್ನು ಶುದ್ಧ ಮಾಡುವ ಬೇರೊಂದು ಕೆಲಸ ಹಿಡಿದರು. ಗುಳ್ಳೆಯ ಮಾತನ್ನು ಮತ್ತೆ ಎತ್ತಲಿಲ್ಲ. ನಾನು ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಮದುವೆ, ಮಗು, ಸ್ಕೂಟರು. ಬೋಗಾದಿಯ ಹೊಲಗಳಲ್ಲಿ ಒಂದೊಂದಾಗಿ ಸೈಟಿನ ಕಲ್ಲುಗಳು ಎದ್ದವು. ಹಬ್ಬಕ್ಕೊಮ್ಮೆ ಕೃಷ್ಣಮೂರ್ತಿಪುರಂಗೆ ಹೋಗಿಬರುತ್ತಿದ್ದೆ.

ಆಮೇಲೆ ಐದೋ ಆರೋ ವರ್ಷ ಕಳೆದಿರಬೇಕು. ಬೆಳಿಗ್ಗೆ ಕಾಲೇಜಿಗೆ ಹೊರಡುತ್ತಿದ್ದಾಗ ಫೋನು. ಮೇಡಂ ಎಂದೂ ಫೋನಿನಲ್ಲಿ ಎರಡು ವಾಕ್ಯಕ್ಕಿಂತ ಹೆಚ್ಚು ಆಡಿದವರಲ್ಲ. ಅವತ್ತೂ ಎರಡೇ.

"ತಂಗಿಗೆ ಗುಳ್ಳೆ ಇದೆಯಂತೆ. ನಂಗೆ ಕೈಕಾಲು ಆಡ್ತಾ ಇಲ್ಲ, ನೀನು ಬಾ."

ರಜೆ ಹೇಳಿ ಸ್ಕೂಟರ್ ಹತ್ತಿದೆ. ಹೋದರೆ ಸಣ್ಣಮ್ಮ ಹಜಾರದ ಕುರ್ಚಿಯಲ್ಲಿ ಕೂತಿದ್ದರು. ಎಡಗಣ್ಣಿನ ರೆಪ್ಪೆ ಪೂರ್ತಿ ಇಳಿದುಬಿಟ್ಟಿತ್ತು. ಇನ್ನೊಂದು ಕಣ್ಣಿನಲ್ಲಿ ನನ್ನನ್ನು ನೋಡಿ, "ಬಾಮ್ಮ, ನನ್ನ ಅವತಾರ ನೋಡು. ಶಾಲೇಲಿ ಮಕ್ಳು, ಮಿಸ್ಸು ಕಣ್ಣು ಹೊಡೀತಾರೆ ಅಂತ ನಗ್ತಾ ಇದ್ವು" ಎಂದರು. ಬರೀ ನಿದ್ದೆಗೆಟ್ಟ ಕಣ್ಣು ಎಂದು ಅವರು ಸುಮ್ಮನಿದ್ದರಂತೆ. ಕೈ ಎತ್ತಿ ರೆಪ್ಪೆ ಬಿಡಿಸಿದರೆ ಒಂದು ದೀಪ ಎರಡಾಗಿ ಕಾಣುತ್ತಿತ್ತು. ಹಿಂದಿನ ದಿನ ಮೇಡಂ ಅವರನ್ನು ಎಳೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಆ ಡಾಕ್ಟರು ಕಣ್ಣು ನೋಡಿದವರೇ ಕಣ್ಣಿನ ಮಾತು ಬಿಟ್ಟು, ತಲೆಯ ಸ್ಕ್ಯಾನ್ ಮಾಡಿಸಿ, ಈಗಲೇ ಮಾಡಿಸಿ ಎಂದರು. ಸ್ಕ್ಯಾನಿನಲ್ಲಿ ನೋಡಿದರೆ, ರೆಪ್ಪೆಯನ್ನು ಎತ್ತುವ ನರವನ್ನು ಒಳಗಿನಿಂದ ಒಂದು ಗುಳ್ಳೆ ಒತ್ತುತ್ತಿತ್ತು. ಅದು ದೊಡ್ಡದಾಗುತ್ತಿದೆ ಎನ್ನುವುದರ ಗುರುತೇ ಈ ಇಳಿದ ರೆಪ್ಪೆ. ತಡ ಮಾಡದೆ ಬೆಂಗಳೂರಿಗೆ ಕರೆದೊಯ್ಯಬೇಕೆಂದು ಹೇಳಿದ್ದರು.

ಮೇಡಂ ಅಡುಗೆಮನೆಯಲ್ಲಿದ್ದರು. ಒಲೆ ಹತ್ತಿಸಿರಲಿಲ್ಲ. ಕೈಯಲ್ಲಿ ಒಂದು ಲೋಟ ನೀರು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ... ನಾನು ಲೋಟವನ್ನು ಅವರ ಕೈಯಿಂದ ತೆಗೆದು ಪಕ್ಕಕ್ಕಿಟ್ಟು, ಬನ್ನಿ ಮೇಡಂ, ಕಾರಿಗೆ ಹೇಳ್ತೀನಿ ಎಂದೆ. ಅವರು ನನ್ನ ಹಿಂದೆಯೇ ಮಗುವಿನ ಹಾಗೆ ಬಂದರು.

ದಾರಿಯುದ್ದಕ್ಕೂ ಮಾತಾಡಿದವರು ಸಣ್ಣಮ್ಮ ಒಬ್ಬರೇ. ಮೇಡಂ ತಂಗಿಯ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡು, ರಸ್ತೆಯ ಪ್ರತಿ ಉಬ್ಬಿಗೂ ಡ್ರೈವರನಿಗೆ ನಿಧಾನ ನಿಧಾನ ಎನ್ನುತ್ತಿದ್ದರು. ಮದ್ದೂರು ಬಂತು, ಹೋಯಿತು. "ಮದ್ದೂರಲ್ಲಿ ನಿಲ್ಸದೇ ಹೋಗೋದಾದ್ರೆ ಬೆಂಗ್ಳೂರಿಗ್ಯಾಕೆ ಹೋಗ್ಬೇಕು?" ಎಂದು ಸಣ್ಣಮ್ಮ ಗೊಣಗಿದರು. ಡ್ರೈವರ್ ನಕ್ಕ. ಮೇಡಂ ತಂಗಿಯ ಬಾಯಿಯ ಮೇಲೆ ಕೈ ಇಟ್ಟರು. "ಮಾತಾಡ್ಬೇಡ್ವೇ. ಆಯಾಸ ಆಗುತ್ತೆ."

ಆಸ್ಪತ್ರೆಯ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಪರದೆಯ ಮೇಲೆ ಗುಳ್ಳೆಯನ್ನು ತೋರಿಸಿದರು. ಗಾಜಿನಲ್ಲಿ ನಾನು ಎಷ್ಟೋ ಸಾರಿ ನೋಡಿದ್ದ ಆಕಾರವೇ. ಆದರೆ ಇದರ ಸುತ್ತ ಸಣ್ಣಮ್ಮ ಇದ್ದರು. ಇವರಿಗೆ ಉಬ್ಬಸ ಇರುವುದರಿಂದ ತಲೆ ತೆರೆಯುವುದಕ್ಕಿಂತ ತೊಡೆಯಿಂದ ಹೋಗಿ ಸುರುಳಿ ತುಂಬುವುದೇ ವಾಸಿ ಎಂದು ವಿವರಿಸಿದರು. ಬರೀ ಪ್ಲಾಟಿನಂ ಸುರುಳಿ ಹಾಕಿದರೆ ಇಷ್ಟು ದೊಡ್ಡ ಗುಳ್ಳೆಯಲ್ಲಿ ಮುಂದೆ ಅದು ಕುಗ್ಗಿ ಮತ್ತೆ ಜಾಗ ಬಿಡಬಹುದು. ಈಗ ಹೊಸ ಬಗೆಯ ಸುರುಳಿ ಬಂದಿದೆ. ತಂತಿಗೆ ಒಣಗಿದ ಹೈಡ್ರೋಜೆಲ್ ಲೇಪ ಮಾಡಿರುತ್ತಾರೆ. ಗುಳ್ಳೆಯೊಳಗೆ ರಕ್ತ ಸೋಕಿದ ಮೇಲೆ ಅದು ಉಬ್ಬಿ ಸಂದುಗಳನ್ನು ತುಂಬಿಕೊಳ್ಳುತ್ತದೆ...

"ಜೆಲ್ ಬೇಡ" ಎಂದರು ಮೇಡಂ.

ಡಾಕ್ಟರು ಪರದೆಯಿಂದ ಇತ್ತ ತಿರುಗಿದರು.

"ಬರೀ ತಂತಿ ಹಾಕಿ. ಇಲ್ಲಾಂದ್ರೆ ತಲೆ ತೆರೆದು ಕ್ಲಿಪ್ಪು ಹಾಕಿ. ಜೆಲ್ ಮಾತ್ರ ಬೇಡ."

ಏಕೆ ಎಂದು ಡಾಕ್ಟರು ಕೇಳಿದರು. ನಾನೇ, ಅವರು ಇದೇ ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಎಂದೆ. ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದು ಕೂತರು. ಬಹಳ ಗೌರವದಿಂದ, ನೀವು ಮಾತಾಡಿಕೊಳ್ಳಿ, ಮಧ್ಯಾಹ್ನದೊಳಗೆ ತಿಳಿಸಿದರೆ ಸಾಕು ಎಂದು ಹೊರಗೆ ಹೋದರು.

ನಾವಿಬ್ಬರೂ ಸಣ್ಣಮ್ಮನ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತೆವು. ನನ್ನ ಮೇಡಂಗೆ ನಾನು ಪಾಠ ಹೇಳುವಂಥ ಗಳಿಗೆ ಬರುತ್ತದೆಂದು ಎಂದೂ ಎಣಿಸಿರಲಿಲ್ಲ. ಆದರೂ ಹೇಳಿದೆ. ನಮ್ಮದು ದ್ರವ ಮೇಡಂ, ಜಾರುತ್ತಿತ್ತು. ಇದು ತಂತಿಗೇ ಅಂಟಿಕೊಂಡಿದೆ. ಉಬ್ಬಿದರೂ ತಂತಿ ಬಿಟ್ಟು ಹೋಗಲ್ಲ. ನಮ್ಮ ಎಳೆ ಜಾರಿದ ಹಾಗೆ ಇದು ಜಾರುವ ಹಾಗಿಲ್ಲ.

"ಗೊತ್ತು ಕಣಮ್ಮ. ಅವರು ಬಾಯಿ ತೆಗೆದಾಗಲೇ ಗೊತ್ತಾಯ್ತು" ಎಂದರು. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು. "ಬುದ್ಧಿಗೆ ಗೊತ್ತು. ಆದ್ರೆ ಕಣ್ಣು ಮುಚ್ಚಿದ್ರೆ ಆ ದಾರ ಕಾಣುತ್ತೆ. ಕವಲಲ್ಲಿ ಕೆಂಪು ನೀರು ನಿಂತಿದ್ದು ಕಾಣುತ್ತೆ. ಏನೂ ಗೊತ್ತಿಲ್ದೇ ಇದ್ದಿದ್ರೆ ಡಾಕ್ಟರು ಹೇಳಿದ್ದಕ್ಕೆ ಹೂಂ ಅಂತಿದ್ದೆ. ಬೇರೆಯವರ ಮನೆಯವರೆಲ್ಲ ಹಾಗೇ ಅಂತಾರಲ್ಲ."

ನಾನು ಅವರ ಬೆರಳಿನಿಂದ ಸೆರಗಿನ ಅಂಚನ್ನು ಬಿಡಿಸಿದೆ.

ಒಳಗೆ ಹಾಸಿಗೆಯ ಮೇಲೆ ಸಣ್ಣಮ್ಮ ಎದ್ದು ಕೂತಿದ್ದರು. ಬಾಗಿಲು ಅರ್ಧ ತೆರೆದಿತ್ತು. ಎಲ್ಲ ಕೇಳಿಸಿಕೊಂಡಿದ್ದರು. "ಇಬ್ಬರೂ ಬನ್ನಿ ಇಲ್ಲಿ" ಎಂದು ತರಗತಿಯ ಮಕ್ಕಳನ್ನು ಕರೆಯುವ ದನಿಯಲ್ಲಿ ಕರೆದರು. ಹೋದೆವು.

"ಅಕ್ಕ, ತಲೆ ಯಾರ್ದು?"

ಮೇಡಂ ಹೊದಿಕೆಯ ಮಡಿಕೆ ಸರಿಮಾಡಿದರು.

"ನಂದು ತಾನೆ? ನೀನು ಗಾಜಿನ ಗುಳ್ಳೆ ನೋಡ್ಕೊಂಡು ಹೆದರಿದ್ದೀಯ. ನಂದು ಗಾಜಲ್ಲ ಕಣೇ. ಅಷ್ಟು ವರ್ಷ ಮನೆಗೆ ಬಂದು ಜೆಲ್ಲು ಜೆಲ್ಲು ಅಂತ ನನ್ನ ತಲೆ ತಿಂದ್ಬುಟ್ಟಿದ್ದೀಯ. ಈಗ ಅದೇ ಜೆಲ್ಲು ತಲೆಗೇ ಬರ್ತೀನಿ ಅಂದ್ರೆ ನೀನೇ ಬೇಡ ಅಂತೀಯಲ್ಲ!"

"ಅದು ನಾನು ಮಾಡಿದ ಜೆಲ್ ಅಲ್ಲ ಕಣೇ..."

"ಅದಕ್ಕೇ ಸ್ವಲ್ಪ ಧೈರ್ಯವಾಗಿದೆ" ಎಂದರು ಸಣ್ಣಮ್ಮ.

ಮೇಡಂ ನಕ್ಕರು. ನಗುತ್ತಾ ನಗುತ್ತಾ ಅಳು ಬಂತು. ತಂಗಿಯ ಹಾಸಿಗೆಯ ಅಂಚಿಗೆ ಹಣೆಯಿಟ್ಟು ಅತ್ತರು. ಸಣ್ಣಮ್ಮ ಅವರ ತಲೆ ಸವರುತ್ತಾ, ಒಂದೇ ತೆರೆದ ಕಣ್ಣಿನಲ್ಲಿ ನನ್ನ ಕಡೆ ನೋಡಿ, ಡಾಕ್ಟರನ್ನು ಕರಿ ಎಂದು ಸನ್ನೆ ಮಾಡಿದರು.

ಮರುದಿನ ಬೆಳಿಗ್ಗೆ ಅವರನ್ನು ಒಳಗೆ ಕರೆದುಕೊಂಡು ಹೋದರು. ಕಾಯುವ ಜಾಗದಲ್ಲಿ ದೊಡ್ಡ ಕಿಟಕಿಯಿತ್ತು, ಹೊರಗೆ ಒಂದು ಹೊಂಗೆ ಮರ. ಮೇಡಂ ಮೊದಲಿಗೆ ಬಾಗಿಲನ್ನೇ ನೋಡುತ್ತಾ ಕೂತಿದ್ದರು. ಆಮೇಲೆ, ನಾನು ಕೇಳದೆಯೇ, ತಾಯಿಯ ಬಗ್ಗೆ ಮಾತಾಡತೊಡಗಿದರು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿ. ಹೆಣ್ಣುಮಗಳಿಗೆ ಯಾಕೆ ಕಾಲೇಜು ಎಂದು ನೆಂಟರು ಕೇಳಿದಾಗ ತಾಯಿ ಏನು ಹೇಳಿದರು, ಬೆಲ್ಲದ ಅಂಗಡಿಯ ಗೋಣಿತಾಟನ್ನು ಹೊಲಿದು ಪುಸ್ತಕದ ಚೀಲ ಹೇಗೆ ಮಾಡಿಕೊಟ್ಟರು, ಆ ಚೀಲಕ್ಕೆ ಇರುವೆ ಮುತ್ತಿ ತರಗತಿಯೆಲ್ಲ ಹೇಗೆ ನಕ್ಕಿತು. ತಾಯಿ ಸತ್ತದ್ದನ್ನು ಹೇಳಲಿಲ್ಲ. ಬದುಕಿದ್ದನ್ನೇ ಹೇಳಿದರು. ನಡುನಡುವೆ ಬಾಗಿಲ ಸದ್ದಾದರೆ ಮಾತು ನಿಲ್ಲುತ್ತಿತ್ತು, ಯಾರೋ ನರ್ಸು ದಾಟಿಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಒಮ್ಮೆ ಮಾತ್ರ, "ಒಂದು ಸಲ ಸುರುಳಿ ಒಳಗೆ ಬಿಟ್ರೆ ಜೆಲ್ ಉಬ್ಬೋಕೆ ಶುರುವಾಗುತ್ತೆ. ಅಷ್ಟರೊಳಗೆ ಕೂರಿಸ್ಬೇಕು. ಅವರ ಕೈ ನಡುಗಬಾರದು ಅಷ್ಟೆ" ಎಂದರು. ನಮ್ಮದೇ ಆ ಹಳೆಯ ಗಳಿಗೆ. ಈಗ ಯಾರದೋ ಕೈಯಲ್ಲಿತ್ತು.

ಊಟದ ಹೊತ್ತು ಮೀರಿತ್ತು. ಬಾಗಿಲು ತೆರೆದು ಡಾಕ್ಟರೇ ಬಂದರು. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಮೇಡಂ ಎದ್ದು ನಿಂತರು. ಜೆಲ್ ಹೇಗೆ ಕೂತಿತು, ಎಷ್ಟು ತುಂಬಿತು, ಏನನ್ನೂ ಕೇಳಲಿಲ್ಲ.

"ಮಾತಾಡಿದ್ಳಾ?"

"ಎದ್ದ ತಕ್ಷಣ ಕಾಫಿ ಕೇಳಿದ್ರು ಮೇಡಂ" ಎಂದರು ಡಾಕ್ಟರು. "ಈಗಲೇ ಕೊಡೋಕಾಗಲ್ಲ ಅಂದಿದ್ದಕ್ಕೆ ನನಗೇ ಬೈದ್ರು. ಎರಡೂ ಕೈ ಎತ್ತಿ ತೋರಿಸಿದ್ರು, ಕಾಲೂ ಆಡಿಸಿದ್ರು. ಎಲ್ಲ ಸರಿಯಾಗಿದೆ."

ಮೇಡಂ ಕೂತುಬಿಟ್ಟರು. ನಾನು ಭುಜ ಹಿಡಿದುಕೊಂಡೆ. ಅವರ ಮೈಯಿಂದ ಏನೋ ಒಂದು ಇಳಿದುಹೋಗುತ್ತಿರುವುದು ನನ್ನ ಕೈಗೇ ತಿಳಿಯುತ್ತಿತ್ತು. ತಾಯಿ ತಲೆ ಹಿಡಿದುಕೊಂಡ ಆ ದಿನದಿಂದ ಬಿಗಿಹಿಡಿದಿದ್ದ ಬೆನ್ನು... ಅವತ್ತು ಮೊದಲ ಸಲ ಬಾಗಿ ಗೋಡೆಗೆ ಒರಗಿತು.

ಸಂಜೆ ಡಾಕ್ಟರು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದರು. ಮೊದಲಿನದರಲ್ಲಿ ರಕ್ತನಾಳದ ಪಕ್ಕ ಗುಂಡಗೆ ಗುಳ್ಳೆ. ನಂತರದ್ದರಲ್ಲಿ ಆ ಜಾಗದಲ್ಲಿ ತಂತಿಯ ಉಂಡೆಯ ನೆರಳು ಬಿಟ್ಟರೆ ಏನೂ ಇಲ್ಲ. ರಕ್ತ ಅದರ ಪಕ್ಕದಲ್ಲೇ ಹಾದುಹೋಗುತ್ತಿತ್ತು, ಮುಂದೆ ಎಲ್ಲ ಕವಲುಗಳಿಗೂ ಹರಿಯುತ್ತಿತ್ತು. ಮೇಡಂ ಕನ್ನಡಕ ಹಾಕಿಕೊಂಡು ಕವಲುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದರು. ತುದಿಯವರೆಗೂ ನೋಡಿದರು. ಆಮೇಲೆ ಡಾಕ್ಟರಿಗೆ ಕೈಮುಗಿದರು. ಅವರು ಗಾಬರಿಯಾಗಿ, ನೀವು ಹಿರಿಯರು ಎಂದು ಕೈ ಹಿಡಿದುಕೊಂಡರು.

ವಾಪಸು ಬರುವಾಗ ಮದ್ದೂರಿನಲ್ಲಿ ಕಾರು ನಿಲ್ಲಿಸಿದ್ದು ಮೇಡಂ ಅವರೇ. ವಡೆಯ ಪೊಟ್ಟಣ ಬಿಚ್ಚಿ ತಂಗಿಯ ಬಾಯಿಗಿಟ್ಟು, ಕಾರಿನ ಕಿಟಕಿಯಾಚೆ ನೋಡುತ್ತಾ ಇದ್ದಕ್ಕಿದ್ದ ಹಾಗೆ ಹೇಳಿದರು, "ಹೊಟ್ಟೆಕಿಚ್ಚು ಆಗ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ ಕಣಮ್ಮ. ನಾವು ಹರಿಯೋದನ್ನ ಹೇಗೆ ನಿಲ್ಸೋದು ಅಂತ ಹಗಲೂ ರಾತ್ರಿ ಒದ್ದಾಡಿದ್ವಿ. ಎಲ್ಲೋ ಯಾರೋ, ಮೊದಲೇ ತಂತಿಗೆ ಕಟ್ಟಾಕಿಬಿಡೋಣ ಅಂದ್ರು. ಎಷ್ಟು ಸುಲಭವಾಗಿ ಹೊಳೀತು ನೋಡು ಅವರಿಗೆ." ಸ್ವಲ್ಪ ತಡೆದು, "ಹೊಳೀಲಿ. ಹೊಳೆದಿದ್ದಕ್ಕೇ ಇವಳು ಇಲ್ಲಿ ಕೂತು ವಡೆ ತಿಂತಾ ಇರೋದು" ಎಂದರು.

"ಚಟ್ನಿ ಇಲ್ವಾ?" ಎಂದರು ಸಣ್ಣಮ್ಮ.

ರೆಪ್ಪೆ ಏಳಲು ಸಮಯ ಹಿಡಿಯಿತು. ಮೊದಲು ಒಂದು ಗೆರೆಯಷ್ಟು, ಆಮೇಲೆ ಅರ್ಧ. ನಾನು ವಾರಕ್ಕೊಮ್ಮೆ ಹೋದಾಗಲೆಲ್ಲ ಬಾಗಿಲಲ್ಲೇ ಮುಖ ಮುಂದೆ ಮಾಡಿ ತೋರಿಸುತ್ತಿದ್ದರು. ದಸರಾ ರಜೆಯ ಹೊತ್ತಿಗೆ ಎರಡೂ ಕಣ್ಣು ಒಂದೇ ಸಮ. ಶಾಲೆಯ ಮಕ್ಕಳಿಗೆ ಬೇಜಾರಾಗಿರಬೇಕು.

ಈ ಗುಳ್ಳೆ ಕೆಲವು ಮನೆತನಗಳಲ್ಲಿ ರಕ್ತಸಂಬಂಧಿಗಳಿಗೆ ಬರುವುದುಂಟು ಎಂದು ಡಾಕ್ಟರು ಹೇಳಿದ್ದರು. ಮೇಡಂ ಅದನ್ನು ಎಷ್ಟೋ ವರ್ಷಗಳ ಹಿಂದೆಯೇ ಓದಿದ್ದರು. ತಮ್ಮ ತಲೆಯನ್ನು ಮಾತ್ರ ಎಂದೂ ತೋರಿಸಿಕೊಂಡಿರಲಿಲ್ಲ. ಸಣ್ಣಮ್ಮ ಊಟ ಬಿಟ್ಟು ಹಠ ಹಿಡಿದು ಅವರನ್ನು ಸ್ಕ್ಯಾನಿಗೆ ಕಳಿಸಿದರು. ಏನೂ ಇರಲಿಲ್ಲ. ವರದಿ ಕೇಳಿ ಹೊರಗೆ ಬಂದ ಮೇಡಂ ಆಟೋ ಹತ್ತಲಿಲ್ಲ. ನಡೀತಾ ಹೋಗೋಣ ಬಾ ಎಂದರು. ಬಿಸಿಲಿನಲ್ಲಿ ನಾವಿಬ್ಬರೂ ಕೃಷ್ಣಮೂರ್ತಿಪುರಂವರೆಗೂ ನಡೆದೆವು. ದಾರಿಯಲ್ಲಿ ತಳ್ಳುಗಾಡಿಯ ಮುಂದೆ ನಿಂತು ಅವರೇ ಕೈಯಾರೆ ಆರಿಸಿ ಅವರೆಕಾಯಿ ಕೊಂಡರು. ನಾನು ಚೀಲ ಹಿಡಿದೆ. ಮನೆಗೆ ಬಂದು ಮೊರ ಹಾಕಿಕೊಂಡು ಅಕ್ಕತಂಗಿಯರು ಎದುರುಬದುರು ಕೂತು ಸುಲಿದರು. ಬಹಳ ನಿಧಾನಕ್ಕೆ ಸುಲಿಯುತ್ತಿದ್ದರು ಮೇಡಂ. ಅಭ್ಯಾಸ ತಪ್ಪಿಹೋಗಿತ್ತು.

ಮೇಡಂ ಹೋಗಿ ಈಗ ಕೆಲವು ವರ್ಷಗಳೇ ಆದವು. ಗುಳ್ಳೆ ಒಡೆದು ಅಲ್ಲ. ವಯಸ್ಸಾಗಿ, ಎದೆ ಸೋತು, ಎಲ್ಲರೂ ಹೋಗುವ ಹಾಗೆ ಹೋದರು. ಸುದ್ದಿ ಬಂದಾಗ ನಾನು ಊರಿನಲ್ಲಿರಲಿಲ್ಲ. ಬಂದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಸಂಶೋಧನೆ ಮಾಡಿದ ಜೆಲ್ ಯಾವ ಆಸ್ಪತ್ರೆಗೂ ತಲುಪಲಿಲ್ಲ. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಈಗ ಚುಚ್ಚಿ ತುಂಬುವ ಜೆಲ್‌ಗಳ ಬಗ್ಗೆ ಮತ್ತೆ ಎಲ್ಲೆಲ್ಲೋ ಕೆಲಸ ನಡೆಯುತ್ತಿದೆ ಎಂದು ಓದುತ್ತೇನೆ. ಓದಿದಾಗಲೆಲ್ಲ ಫೋನು ಮಾಡಿ ಹೇಳೋಣ ಎನ್ನಿಸುತ್ತದೆ, ಎತ್ತಲು ಮೇಡಂ ಇಲ್ಲ ಎನ್ನುವುದು ಆಮೇಲೆ ನೆನಪಾಗುತ್ತದೆ...

ನಾಮಕರಣ ಮುಗಿಸಿ ಅವತ್ತು ನಾನು ಬೋಗಾದಿಗೆ ಹೋಗದೆ ಕೃಷ್ಣಮೂರ್ತಿಪುರಂ ಕಡೆ ತಿರುಗಿದೆ. ಸಣ್ಣಮ್ಮ ಹಜಾರದಲ್ಲಿ ಕೂತು ಪಕ್ಕದ ಮನೆಯ ಮಗುವಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಎಪ್ಪತ್ತು ದಾಟಿದೆ. ಕಣ್ಣು ಎರಡೂ ಚುರುಕು. ಮಗುವನ್ನು ಕಳಿಸಿ, ಕಾಫಿ ಇಟ್ಟರು. ಮಾತು ಎಲ್ಲೆಲ್ಲೋ ಹೋಗಿ ಮೇಡಂ ಹತ್ತಿರ ಬಂತು. ಕೊನೆಯ ದಿನ ಹೇಗಿದ್ದರು ಎಂದು ನಾನು ಎಂದೂ ಕೇಳಿರಲಿಲ್ಲ. ಅವತ್ತು ಕೇಳಿದೆ.

"ಬೆಳಿಗ್ಗೆ ಚೆನ್ನಾಗೇ ಇದ್ಳು. ಆಮೇಲೆ, ಯಾಕೋ ಸುಸ್ತು, ಒಂದು ಲೋಟ ನೀರು ಕೊಡೇ ಅಂದ್ಳು. ನಾನು ತಂದೆ. ಕುಡಿದ್ಳು ಕಣೇ. ಪೂರ್ತಿ ಕುಡಿದು, ಲೋಟ ನನ್ನ ಕೈಗೆ ಕೊಟ್ಟು, ಸಾಕು ಅಂದ್ಳು. ಹಾಗೇ ನನ್ನ ಕೈ ಹಿಡ್ಕೊಂಡು ಮಲಗಿದ್ಳು. ಸಂಜೆವರೆಗೂ ಹಿಡ್ಕೊಂಡೇ ಇದ್ಳು." ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾನೇ ಮೊದಲು ಹೋಗಿಬಿಟ್ಟಿದ್ರೆ ಅವಳನ್ನ ಯಾರು ಹಿಡ್ಕೋತಿದ್ರು ಹೇಳು. ಸದ್ಯ, ನಾನಿದ್ದೆ."

ಕಾಫಿ ಉಕ್ಕುವ ಸದ್ದಾಯಿತು. ಅಯ್ಯೋ ಎನ್ನುತ್ತಾ ಸಣ್ಣಮ್ಮ ಎದ್ದು ಒಳಗೆ ಓಡಿದರು.